ಇಷ್ಟೆಲ್ಲ ಆದಮೇಲೂ ಸ್ತೋತ್ರ ಎಂತಕ್ಕೆ ಎಂದು ಕೇಳುವವರಿಗೆ

ಪ್ರಶ್ನೆ ಒಂದೇ, ಕೇಳುವ ಜಾಗ ಮಾತ್ರ ಬೇರೆ ಬೇರೆ. ಮುಂಬೈಯ ಮಾಟುಂಗಾ ಮಾರ್ಕೆಟಿನಲ್ಲಿ ಕೆಸುವಿನೆಲೆ ಆರಿಸುವಾಗ, ವಿರಾರ್ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಒಂದು ಕಾಲಿನ ಮೇಲೆ ನಿಂತಿರುವಾಗ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಚಹಾ ಕುಡಿಯುವಾಗ. "ಅಲ್ಲ ಮಾರಾಯ್ರೆ, ಇಷ್ಟೆಲ್ಲ ಆದಮೇಲೂ ನೀವು ದೇವರಿಗೆ ಥ್ಯಾಂಕ್ಸ್ ಹೇಳ್ತೀರಲ್ಲ, ಎಂತಕ್ಕೆ?" ನಮ್ಮ ಕ್ರೈಸ್ತರ ಬಾಯಲ್ಲಿ ಆ ಥ್ಯಾಂಕ್ಸಿಗೇ ಸ್ತೋತ್ರ ಎಂದು ಹೆಸರು.

'ಇಷ್ಟೆಲ್ಲ' ಎಂದರೆ ಇಷ್ಟು: ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಕೆಲಸ ಹೋಯಿತು. ಮಲಾಡಿನ ಮನೆ ಮಾರಿ ನಾಲಾಸೋಪಾರಕ್ಕೆ ಬಂದೆವು. ಇದಕ್ಕಿಂತ ಹೆಚ್ಚು ವಿವರ ಬೇಕಾದವರು ಅವರನ್ನೇ ಕೇಳಿ. ಅವರಿಗೆ ಹೇಳುವುದೆಂದರೆ ಖುಷಿ. ನನಗೆ ಸಾಕಾಗಿದೆ.

ಮೊದಮೊದಲು ನಗುತ್ತಲೇ "ಅಭ್ಯಾಸ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಕೇಳಿದವರಿಗೆ ಅದು ಸಾಲುತ್ತಿರಲಿಲ್ಲ. ಈಗ ಬರೆದಿಟ್ಟಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ವಾಟ್ಸಾಪಿನಲ್ಲಿ ಕಳಿಸುವುದು, ಓದದಿದ್ದರೆ ಅವರ ಕರ್ಮ.

ಕೇಳುವವರಲ್ಲಿ ಕನಿಕರದವರನ್ನು ಬಿಟ್ಟುಬಿಡುತ್ತೇನೆ. ಪಾಪ, ಅವರಿಗೆ ಮಾತು ತೋಚುವುದಿಲ್ಲ, ಅದಕ್ಕೇ ಕೇಳುತ್ತಾರೆ. ಬುದ್ಧಿವಂತರು ಒಂದು ಗುಂಪು. ನಮ್ಮ ಸೊಸೈಟಿಯಲ್ಲಿ ಒಬ್ಬರಿದ್ದಾರೆ, ಕುಂದಾಪುರದ ಕಡೆಯವರು. "ಡಯಾಲಿಸಿಸಿಗೆ ದುಡ್ಡು ಕೊಡುವುದು ಜೈನರ ಟ್ರಸ್ಟು. ಸ್ತೋತ್ರ ಮಾತ್ರ ಯೇಸುವಿಗಾ?" ಎಂದರು. ಕೇಳಿ ಗೆದ್ದವರ ಹಾಗೆ ಮೀಸೆ ತಿರುವಿಕೊಂಡರು. ಸ್ವಾಮಿ, ಆ ಟ್ರಸ್ಟಿನ ಆಫೀಸಿಗೆ ಹೋಗಿ ಕೈ ಮುಗಿದು ಬಂದವಳು ನಾನು, ನೀವಲ್ಲ. ಡಯಾಲಿಸಿಸಿನ ಮೆಷಿನಿಗೆ ಹಚ್ಚುವ ಹುಡುಗ ಮುಸಲ್ಮಾನ, ನನ್ನ ಗಂಡನ ಕೈಯ ನರ ಅವನಿಗೆ ಕಣ್ಣು ಮುಚ್ಚಿದರೂ ಸಿಗುತ್ತದೆ. ಅವನಿಗೂ ಹೇಳುತ್ತೇನೆ, ಟ್ರಸ್ಟಿನವರಿಗೂ ಹೇಳುತ್ತೇನೆ, ಇವರೆಲ್ಲರನ್ನೂ ಒಂದೇ ಕಡೆ ತಂದವನಿಗೂ ಹೇಳುತ್ತೇನೆ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಕಮ್ಮಿಯಾಗಲಿಕ್ಕೆ ಇದೇನು ರೇಶನ್ ಸಕ್ಕರೆಯಾ? ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು, ತಿರುಗಿ ಬಂದು ಯೇಸುವಿನ ಕಾಲಿಗೆ ಬಿದ್ದವನು ಒಬ್ಬನೇ. ಅವನೂ ನಮ್ಮವನಲ್ಲ, ಯೆಹೂದ್ಯರು ಹೊರಗಿನವನೆಂದು ದೂರ ಇಟ್ಟ ಸಮಾರ್ಯದವನು. ಹೊರಗಿನವರಿಂದ ಕೃತಜ್ಞತೆ ಕಲಿಯುವುದು ನಮಗೆ ಹೊಸತಲ್ಲ.

ಆದರೆ ನಿಜವಾಗಿ ಮೈ ಉರಿಸುವವರು ನಮ್ಮವರೇ.

ಒಮ್ಮೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ಅಂದು ಇವರ ಡಯಾಲಿಸಿಸ್ ದಿನ, ಮಧ್ಯಾಹ್ನವಷ್ಟೇ ಬಂದು ಮಲಗಿದ್ದರು. ಎಡಗೈಯಲ್ಲಿ ಎರಡು ಕಡೆ ಹತ್ತಿ ಇಟ್ಟು ಪಟ್ಟಿ ಅಂಟಿಸಿತ್ತು. ಒಂದು ಸೂಜಿಯಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಸೂಜಿ ಎಂದರೆ ಜ್ವರದ ಇಂಜೆಕ್ಷನ್ನಿನದ್ದಲ್ಲ, ಅದರ ದಪ್ಪ ನೋಡಿದವರು ಆಮೇಲೆ ಜ್ವರದ ಇಂಜೆಕ್ಷನ್ನಿಗೆ ಹೆದರುವುದಿಲ್ಲ. ಸಭೆಯ ಹಿರಿಯರೊಬ್ಬರು, ಬ್ಯಾಂಕಿನಿಂದ ರಿಟೈರ್ ಆದವರು, ಇವರ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ತಮ್ಮಾ, ಈ ಕಾಯಿಲೆಗಾಗಿ ದೇವರಿಗೆ ಸ್ತೋತ್ರ ಹೇಳಿದ್ದೀಯಾ? ಮನಸ್ಸು ಬಿಚ್ಚಿ ಹೇಳಿ ನೋಡು. ಅಲ್ಲಿಂದಲೇ ಬಿಡುಗಡೆ ಶುರು" ಎಂದರು.

ಇವರು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು. "ಅಣ್ಣ, ಮೊನ್ನೆ ನೀವು ದವಡೆ ಹಲ್ಲು ಕೀಳಿಸಿದಿರಲ್ಲ, ಆಗ ಎಂತ ಹಾಡಿದ್ದು?"

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ನಾನು ಚಹಾದ ನೆಪ ಮಾಡಿ ಒಳಗೆ ಹೋದೆ.

ಆ ಹಿರಿಯರು ಒಳ್ಳೆಯವರೇ. ಆದರೆ ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಪುಸ್ತಕವನ್ನು ಮೊದಲ ಅಧ್ಯಾಯದಲ್ಲೇ ಮುಚ್ಚಿಡುವ ಜಾತಿಯವರು. "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಮೂರನೇ ಅಧ್ಯಾಯದಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಆಮೇಲೆ ಪುಟಗಟ್ಟಲೆ ದೇವರ ಜೊತೆ ವಾದಕ್ಕಿಳಿಯುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರು ಬೈದದ್ದು ಯಾರಿಗೆ? ದೇವರ ಪರ ವಕಾಲತ್ತು ಮಾಡಿದ ಗೆಳೆಯರಿಗೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದ. ಆ ಗೆಳೆಯರು ಮೊದಲು ಬಂದಾಗ ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ನಮ್ಮ ಮನೆಗೆ ಬರುವವರಿಗೆ ಏಳು ದಿನ ಬೇಡ, ಹತ್ತು ನಿಮಿಷ ಸಾಕು.

ಕೀರ್ತನೆಗಳಲ್ಲಿ 88ನೆಯದನ್ನು ಕೂಟದಲ್ಲಿ ಯಾರೂ ಓದಿಸುವುದಿಲ್ಲ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತೋತ್ರಕ್ಕೆ ಹೊರಳುತ್ತವೆ, ಇದು ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆದರೂ ಅದನ್ನು ಯಾರೂ ಕಿತ್ತು ಹಾಕಿಲ್ಲ. ಬೈಬಲಿನಲ್ಲಿ ಅದಕ್ಕೆ ಜಾಗ ಇದ್ದರೆ ನಮ್ಮ ನಾಲಾಸೋಪಾರದ ಎರಡು ಕೋಣೆಯಲ್ಲೂ ಇದೆ.

ಇನ್ನು ಯೇಸುವಿನ ಅಪೊಸ್ತಲ ಪೌಲ. "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ" ಎಂದು ಥೆಸಲೋನಿಕದವರಿಗೆ ಬರೆದವನು, ಪ್ರಸಂಗಕ್ಕೆ ಎಲ್ಲರಿಗೂ ಬೇಕಾದವನು. ಫಿಲಿಪ್ಪಿಯ ಸೆರೆಮನೆಯಲ್ಲಿ ಅವನೂ ಜೊತೆಗಾರ ಸೀಲನೂ ಕಾಲಿಗೆ ಕೋಳ ಬಿಗಿಸಿಕೊಂಡು ಮಧ್ಯರಾತ್ರಿ ಹಾಡಿದ್ದನ್ನು ನಾನು ಭಾನುವಾರದ ಶಾಲೆಯಿಂದ ಕೇಳುತ್ತಾ ಬಂದಿದ್ದೇನೆ. ಬೆಳಿಗ್ಗೆ ಆದದ್ದನ್ನು ಯಾಕೋ ಹೇಳುವುದಿಲ್ಲ. ಅಧಿಕಾರಿಗಳು "ಬಿಟ್ಟಿದ್ದೇವೆ, ಹೋಗಿ" ಎಂದು ಹೇಳಿ ಕಳಿಸಿದರು. ಪೌಲ ಹೋಗಲಿಲ್ಲ. ರೋಮಿನ ಪ್ರಜೆಗಳಾದ ನಮ್ಮನ್ನು ವಿಚಾರಣೆ ಇಲ್ಲದೆ ಎಲ್ಲರೆದುರು ಹೊಡೆಸಿ, ಈಗ ಗುಟ್ಟಾಗಿ ಕಳಿಸುತ್ತೀರಾ? ನೀವೇ ಬಂದು ಕರೆದುಕೊಂಡು ಹೋಗಿ ಎಂದ. ಅವರು ಬಂದು ಬೇಡಿಕೊಳ್ಳಬೇಕಾಯಿತು. ಈ ಪೌಲ ನನಗೆ ಅರ್ಥವಾಗುತ್ತಾನೆ. ರಾತ್ರಿ ನಾನೂ ಸ್ತೋತ್ರ ಹೇಳಿ ಮಲಗುತ್ತೇನೆ, ಬೆಳಿಗ್ಗೆ ಎದ್ದು ವಿಮೆಯವರಿಗೆ ಜಗಳದ ಇಮೇಲ್ ಬರೆಯುತ್ತೇನೆ. ಕ್ಲೇಮು ಇನ್ನೂ ಬಂದಿಲ್ಲ. ನಾನೂ ಬಿಟ್ಟಿಲ್ಲ.

ಹಾಗಾದರೆ ನಾವು ಮಾಡುವುದಾದರೂ ಏನು? ದೊಡ್ಡದೇನೂ ಅಲ್ಲ, ಊಟಕ್ಕೆ ಮೊದಲು ಪ್ರಾರ್ಥನೆ. ಆ ಊಟವನ್ನೂ ಸ್ವಲ್ಪ ನೋಡಿ. ತರಕಾರಿ ಹೆಚ್ಚಿ, ನೀರಲ್ಲಿ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಬೇಕು, ಪೊಟ್ಯಾಶಿಯಂ ಇಳಿಯಲಿಕ್ಕೆ. ಅದರ ಜೊತೆ ರುಚಿಯೂ ಮೋರಿಗೆ. ಉಪ್ಪು ಹೆಸರಿಗೆ. ಇವರಿಗೆ ದಿನಕ್ಕೆ ಒಂದು ಲೀಟರ್ ನೀರು, ಅದರಲ್ಲೇ ಚಹಾ, ಮಜ್ಜಿಗೆ, ಸಾರು ಎಲ್ಲ ಬಂತು. ಉಡುಪಿ ಕಡೆಯ ಮನುಷ್ಯನಿಗೆ ಗಂಜಿಯನ್ನೂ ನೀರಿನ ಲೆಕ್ಕಕ್ಕೆ ಸೇರಿಸಬೇಕು ಎಂದು ಡಯೆಟಿಶಿಯನ್ ಹುಡುಗಿ ಹೇಳಿದ ದಿನ ಇವರು ಹೆಚ್ಚುಕಮ್ಮಿ ಅತ್ತೇಬಿಟ್ಟರು. ಎಳನೀರಂತೂ ವಿಷವೇ, ಅಷ್ಟು ಪೊಟ್ಯಾಶಿಯಂ ಅದರಲ್ಲಿ. ಅಂಥ ಬಟ್ಟಲಿನ ಮುಂದೆ ಕೂತು ಇವರು ಹೇಳುವ ಪ್ರಾರ್ಥನೆ ಹೀಗೆ: "ಕರ್ತನೇ, ಈ ಊಟಕ್ಕಾಗಿ ಸ್ತೋತ್ರ. ಮಾಡಿದವಳಿಗಾಗಿ ಸ್ತೋತ್ರ. ರುಚಿಯ ಬಗ್ಗೆ ಆಮೇಲೆ ಮಾತಾಡುವ. ಆಮೆನ್."

ಮನಸ್ಸಿನಲ್ಲಿ ಕೃತಜ್ಞತೆ ಉಕ್ಕಿ ಬರುತ್ತದಾ ಎಂದು ಕೇಳಬೇಡಿ. ಎಷ್ಟೋ ದಿನ ಬರುವುದಿಲ್ಲ. ಉಕ್ಕಿ ಬರಲಿ ಎಂದು ಕಾಯುತ್ತಾ ಕೂತರೆ ಊಟ ಆರಿಹೋಗುತ್ತದೆ. ಮಾತು ಬಾಯಲ್ಲಿ ಮೊದಲೇ ಇದೆ, ಹೇಳುತ್ತೇವೆ.

ಮೊದಲೇ ಇರುವುದು ಎಂದಾಗ ರಿಂಕಾರ್ಟ್ ನೆನಪಾಗುತ್ತಾನೆ. ನಮ್ಮದು ಬಾಸೆಲ್ ಮಿಷನ್ ಮೂಲದ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಪಾದ್ರಿಗಳ ಜೊತೆಗೇ ಜರ್ಮನಿಯ ರಾಗಗಳೂ ಹಡಗು ಹತ್ತಿದವು, ಇವತ್ತೂ ಹಾಡುತ್ತೇವೆ. ಮಾರ್ಟಿನ್ ರಿಂಕಾರ್ಟ್ ಆ ರಾಗಗಳ ನಾಡಿನ ಪಾದ್ರಿ, ಎಯ್ಲೆನ್‌ಬರ್ಗ್ ಎಂಬ ಊರಿನವನು. ಮೂವತ್ತು ವರ್ಷದ ಯುದ್ಧದ ಕಾಲ. 1637ರಲ್ಲಿ ಅಲ್ಲಿಗೆ ಮಹಾಮಾರಿ ಬಂತು. ಸಾವಿರಗಟ್ಟಲೆ ಜನ ಸತ್ತರು, ಮಣ್ಣು ಮಾಡಿದವನು ಇವನು, ಅವರಲ್ಲಿ ಇವನ ಹೆಂಡತಿಯೂ ಒಬ್ಬಳು. "ಈಗ ನಾವೆಲ್ಲರೂ ದೇವರಿಗೆ ಕೃತಜ್ಞತೆ ಹೇಳೋಣ" ಎಂದು ಶುರುವಾಗುವ ಪ್ರಸಿದ್ಧ ಗೀತೆ ಅವನದು. ಹೆಣಗಳ ನಡುವೆ ಕೂತು ಬರೆದ ಎಂದು ಪ್ರಸಂಗಗಳಲ್ಲಿ ಗದ್ಗದರಾಗಿ ಹೇಳುವುದುಂಟು. ಆದರೆ ಅದು ಮನೆಮಂದಿ ಊಟದ ಮೇಜಿನಲ್ಲಿ ಹೇಳಲಿಕ್ಕೆಂದು ಬರೆದ ಪ್ರಾರ್ಥನೆ, ಮಹಾಮಾರಿಗೆ ಮೊದಲೇ ಬರೆದದ್ದಿರಬೇಕು ಎನ್ನುತ್ತಾರೆ ಬಲ್ಲವರು. ನನಗೆ ಈ ಎರಡನೆಯ ಕಥೆಯೇ ಹಿಡಿಸಿತು. ಹೆಂಡತಿ ಇದ್ದಾಗ, ಮಕ್ಕಳು ಮೇಜಿನ ಸುತ್ತ ಗಲಾಟೆ ಮಾಡುತ್ತಿದ್ದಾಗ ಕಲಿತ ಮಾತು ಅದು. ಆಮೇಲೆ ಮೇಜಿನ ಒಂದು ಕಡೆ ಖಾಲಿಯಾದಾಗ ಹೊಸ ಪ್ರಾರ್ಥನೆ ಹುಡುಕಲಿಕ್ಕೆ ಅವನಿಗೆಲ್ಲಿ ಪುರುಸೊತ್ತಿತ್ತು?

ಅದಕ್ಕೇ ನಿಮ್ಮ ಪ್ರಶ್ನೆ ನನಗೆ ಹಿಡಿಸುವುದಿಲ್ಲ. ಮಲಾಡಿನಲ್ಲಿ ಮನೆ ಕೊಂಡಾಗ, ಮಗನಿಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಾಗ ನಾವು ಸ್ತೋತ್ರಕೂಟ ಇಟ್ಟೆವು, ನೀವೆಲ್ಲ ಬಂದಿರಿ, ಬಿರಿಯಾನಿ ತಿಂದಿರಿ. ಒಬ್ಬರಾದರೂ "ಇಷ್ಟೆಲ್ಲ ಸಿಕ್ಕಮೇಲೆ ಸ್ತೋತ್ರ ಎಂತಕ್ಕೆ?" ಎಂದು ಕೇಳಿದಿರಾ? ಕೇಳಬೇಕಾದ್ದು ಆಗ. ಚೆನ್ನಾಗಿದ್ದಾಗ ಹೇಳುವ ಸ್ತೋತ್ರಕ್ಕೂ ನಮ್ಮ ಅದೃಷ್ಟವನ್ನು ಊರಿಗೆ ಸಾರುವುದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದ್ದರೆ ನಾನು ಚಹಾ ಕೊಟ್ಟು ಕೂರಿಸಿ ಉತ್ತರ ಹೇಳುತ್ತಿದ್ದೆ.

2005ರ ಜುಲೈ 26 ಮುಂಬೈಯವರಿಗೆ ಹೇಳಿ ಕೊಡಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಆ ಭಾನುವಾರ ಆರಾಧನೆಯಲ್ಲಿ ಕೃತಜ್ಞತಾ ಕಾಣಿಕೆಯ ಕವರುಗಳ ರಾಶಿ. ನಮ್ಮಲ್ಲಿ ಕವರಿನ ಮೇಲೆ ಹೆಸರು, ಕಾರಣ, ಮೊತ್ತ ಬರೆಯುತ್ತಾರೆ, ಸಭಾಪಾಲಕರು ಗಟ್ಟಿಯಾಗಿ ಓದುತ್ತಾರೆ. ಗಂಡ ಅಂಧೇರಿಯಿಂದ ಸೊಂಟದ ಮಟ್ಟದ ನೀರಲ್ಲಿ ನಡೆದು ಕ್ಷೇಮವಾಗಿ ಬಂದದ್ದಕ್ಕೆ 500 ರೂಪಾಯಿ. ಮನೆ ಎರಡನೇ ಮಾಳಿಗೆಯಲ್ಲಿದ್ದುದರಿಂದ ಸಾಮಾನು ಉಳಿದದ್ದಕ್ಕೆ 200. ಕಾರಿನ ಎಂಜಿನಿಗೆ ನೀರು ಹೋಗದೆ ಇದ್ದದ್ದಕ್ಕೆ 1,000. ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬಳು ಕೂತಿದ್ದಳು. ಅವಳ ತಮ್ಮ ಆ ಮಂಗಳವಾರ ಕೆಲಸಕ್ಕೆ ಹೋದವನು ಬಂದಿರಲಿಲ್ಲ, ಶುಕ್ರವಾರ ಮಣ್ಣು ಮಾಡಿದ್ದರು. ಸಭಾಪಾಲಕರು ಕಾರಿನ ಕವರು ಓದಿ ತಲೆ ಎತ್ತಿದವರು ಅವಳನ್ನು ನೋಡಿರಬೇಕು. ಉಳಿದ ಕವರುಗಳನ್ನು ಓದದೆ ಹಾಗೆಯೇ ತಟ್ಟೆಗೆ ಹಾಕಿದರು. ತಮ್ಮ ಹೆಸರು ಓದಲಿಲ್ಲ ಎಂದು ಆಮೇಲೆ ಇಬ್ಬರು ದೂರು ಹೇಳಿದರಂತೆ. ಅಂಥವರೂ ಸಭೆಯಲ್ಲಿ ಬೇಕು, ಇಲ್ಲದಿದ್ದರೆ ಪಾದ್ರಿಗಳಿಗೆ ತಾಳ್ಮೆ ಹೇಗೆ ಬರಬೇಕು?

ಬೈಬಲಿನ ಯಾಜಕಕಾಂಡದ 7ನೇ ಅಧ್ಯಾಯವನ್ನು ಯಾರೂ ಖುಷಿಗೆ ಓದುವುದಿಲ್ಲ, ಯಜ್ಞದ ನಿಯಮಗಳ ಪಟ್ಟಿ ಅದು. ಆದರೆ ಅಲ್ಲೊಂದು ನಿಯಮ ಇದೆ. ಕೃತಜ್ಞತೆಗಾಗಿ ಅರ್ಪಿಸಿದ ಪಶುವಿನ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಏನೂ ಉಳಿಸಬಾರದು. ಹರಕೆಯದ್ದಾದರೆ ಮರುದಿನವೂ ತಿನ್ನಬಹುದು, ಇದನ್ನು ಮಾತ್ರ ಕೂಡದು. ಅದರ ಜೊತೆ ರೊಟ್ಟಿಗಳ ಗುಡ್ಡೆ ಬೇರೆ. ಒಂದು ಮನೆಯವರು ಒಂದು ದಿನದಲ್ಲಿ ಇಡೀ ಹೋರಿ ತಿಂದು ಮುಗಿಸಲಿಕ್ಕೆ ಆಗುತ್ತದಾ? ನೆರೆಕರೆಯವರನ್ನು ಕರೆಯಲೇಬೇಕು, ಮಾತು ಬಿಟ್ಟವರನ್ನೂ ಸೇರಿಸಿ. ಧರ್ಮೋಪದೇಶಕಾಂಡದ 26ರಲ್ಲಿ ಮೊದಲ ಬೆಳೆಯ ಬುಟ್ಟಿ ತಂದವನು ತನ್ನ ಹೊಲದ ಪ್ರತಾಪ ಹೇಳುವ ಹಾಗಿಲ್ಲ. ನಮ್ಮ ಹಿರಿಯ ಅಲೆಮಾರಿಯಾಗಿದ್ದ, ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ನಾವು ಬಿಟ್ಟಿ ದುಡಿದೆವು ಎಂದು ಶುರುಮಾಡಬೇಕು. ಆಮೇಲೆ ದೇವರ ಸೇವೆಗೆ ಮೀಸಲಾಗಿ ಹೊಲವಿಲ್ಲದ ಲೇವಿ ಕುಲದವನನ್ನೂ ಪರದೇಶದವನನ್ನೂ ಕೂಡಿಸಿಕೊಂಡು ಸಂತೋಷಪಡಬೇಕು. ಹೊಟ್ಟೆ ತುಂಬಿದ ದಿನ ಹಸಿದ ದಿನದ ಕಥೆ ಹೇಳಿಸುತ್ತದೆ ಆ ಪುಸ್ತಕ. ಮುಂಬೈಗೆ ಹೋಟೆಲಿನಲ್ಲಿ ಲೋಟ ತೊಳೆಯಲಿಕ್ಕೆ ಬಂದವರ ಮೊಮ್ಮಕ್ಕಳಾದ ನಮಗೆ ಇದಕ್ಕಿಂತ ಬಿಡಿಸಿ ಹೇಳಬೇಕಾ?

ತಮ್ಮನನ್ನು ಕಳೆದುಕೊಂಡವಳ ಮನೆಗೆ ಆ ತಿಂಗಳಿಡೀ ಹೆಂಗಸರ ಕೂಟದವರು ಸರದಿ ಹಾಕಿ ಊಟ ಒಯ್ದರು. ಕಾರಿನವರ ಹೆಂಡತಿ ಎಲ್ಲರಿಗಿಂತ ಹೆಚ್ಚು ದಿನ ಒಯ್ದಳು, ಅದೂ ಬರೆದಿರಲಿ.

ನಮ್ಮ ಸಭೆಯ ಬೆಳೆ ಹಬ್ಬ ಮಳೆ ಬಿಟ್ಟ ಮೇಲೆ. ಯಾರ ಹತ್ತಿರವೂ ಒಂದು ಸೆಂಟ್ಸ್ ಗದ್ದೆ ಇಲ್ಲ. ಆದರೂ ವೇದಿಕೆಯ ಮುಂದೆ ಕುಂಬಳಕಾಯಿ, ಮತ್ಸ್ಯಗಂಧ ರೈಲಿನಲ್ಲಿ ಊರಿನಿಂದ ಬಂದ ಸೌತೆಕಾಯಿ, ಹುರುಳಿ, ವಸಾಯಿಯ ಬಾಳೆಗೊನೆ, ಕಾಲು ಕಟ್ಟಿದ ಕೋಳಿ, ಕೇಕು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಕೂಗುವವರು ಯಾವತ್ತೂ ಇವರೇ, ಕಿಡ್ನಿ ಹೋದರೂ ಗಂಟಲು ಹೋಗಿಲ್ಲ. ಹೋದ ಸಲ ಕುರ್ಚಿಯಲ್ಲಿ ಕೂತೇ ಕೂಗಿದರು. ಒಂದು ಗೊನೆ ಎಳನೀರು ಬಂತು. ಇವರು ಆ ಹಲ್ಲಿನ ಹಿರಿಯರನ್ನೇ ಹುಡುಕಿ ಹಿಡಿದರು. "ಅಣ್ಣ ಮುನ್ನೂರು ಹೇಳಿದ್ದಾರೆ. ಮುನ್ನೂರಾ ಅಣ್ಣ? ಇದರಲ್ಲಿ ಪೊಟ್ಯಾಶಿಯಂ ಎಷ್ಟುಂಟು ಗೊತ್ತುಂಟಾ? ನನ್ನ ಪಾಲಿನದ್ದೂ ನಿಮಗೇ!" ಜನ ನಕ್ಕ ಹಾಗೆ ಬೆಲೆ ಏರಿತು. ಎರಡು ಸಾವಿರದ ನೂರಕ್ಕೆ ಅವರ ತಲೆಗೇ ಕಟ್ಟಿದರು. ಹಿರಿಯರು ನೋಟು ಎಣಿಸಿ ಕೊಟ್ಟು, ಕತ್ತಿ ತರಿಸಿ ಅಲ್ಲೇ ಕೆತ್ತಿಸಿದರು. ಭಾನುವಾರದ ಶಾಲೆಯ ಮಕ್ಕಳು, ಗೇಟಿನ ಬಿಹಾರಿ ವಾಚ್‌ಮನ್, ಪೆಂಡಾಲಿನ ಹುಡುಗರು ಎಲ್ಲರೂ ಕುಡಿದರು. ಇವರು ಖಾಲಿ ಬೊಂಡ ಒಂದನ್ನು ಎತ್ತಿ, ತಿರುಳು ಎಷ್ಟು ದಪ್ಪ ಉಂಟು ಎಂದು ನೋಡಿ, "ಇದು ಮೂರು ಸಾವಿರದ ಮಾಲು, ಮೋಸ ಆಯಿತು" ಎಂದು ಹೇಳಿ ಕೋಳಿಯ ಏಲಂ ಶುರು ಮಾಡಿದರು.