ಬೇಲಿ ಇಲ್ಲದ ಬಯಲು, ಬದು ಕಾಯುವ ಊರು: ಲ್ಯಾಕ್ಸ್ಟನ್

ಇಂಗ್ಲೆಂಡಿನ ಹಳ್ಳಿ ಎಂದರೆ ಚೌಕ ಚೌಕ ಹೊಲ, ಸುತ್ತ ಹಸಿರು ಬೇಲಿ. ರೈಲಿನ ಕಿಟಕಿಯಾಚೆ ಕಾಣುವುದೂ ಅದೇ. ಆದರೆ ಮಧ್ಯ ಇಂಗ್ಲೆಂಡಿನಲ್ಲಿ ಈ ಬೇಲಿಗಳಲ್ಲಿ ಬಹಳಷ್ಟಕ್ಕೆ ಇನ್ನೂರೈವತ್ತು ವರ್ಷದ ಆಸುಪಾಸಿನ ವಯಸ್ಸು ಅಷ್ಟೆ. ಅದಕ್ಕೂ ಮುಂಚೆ ಅಲ್ಲಿ ಊರಿಗೆ ಊರೇ ಕೂಡಿ ಬೇಸಾಯ ಮಾಡುತ್ತಿತ್ತು. ಊರ ಸುತ್ತ ಎರಡೋ ಮೂರೋ ದೊಡ್ಡ ಬಯಲು. ಒಂದೊಂದರಲ್ಲೂ ನೂರಾರು ಉದ್ದುದ್ದ ಪಟ್ಟಿ. ಒಬ್ಬೊಬ್ಬ ರೈತನದು ಅಲ್ಲೊಂದು ಪಟ್ಟಿ, ಇಲ್ಲೊಂದು ಪಟ್ಟಿ. ಆ ಪದ್ಧತಿ, ಅದನ್ನು ಕಾಯುವ ಊರ ನ್ಯಾಯಾಲಯದ ಸಮೇತ, ಇವತ್ತಿಗೂ ಉಳಿದಿರುವುದು ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್ಟನ್ ಎಂಬ ಸಣ್ಣ ಹಳ್ಳಿಯಲ್ಲಿ.

ಮಗಳು ನಾಟಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದವರಿಗೆ ಎಲ್ಲರೂ ತೋರಿಸುವುದು ರಾಬಿನ್ ಹುಡ್‌ನ ಶೆರ್‌ವುಡ್ ಕಾಡು. ನನಗೆ ಮಾತ್ರ ಲ್ಯಾಕ್ಸ್ಟನ್ ನೋಡಲೇಬೇಕಿತ್ತು. ಕುಂದಗೋಳ ಕಡೆಯ ಎರೆಹೊಲದ ಮನುಷ್ಯ ನಾನು. ಬದುವಿನ ಜಗಳದಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದನ್ನು, ಒಂದು ಮೊಳ ಜಾಗಕ್ಕೆ ಕೋರ್ಟು ಕಚೇರಿ ಅಲೆದಿದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೇಲಿ ಬದು ಏನೂ ಇಲ್ಲದೆ ಒಂದೇ ಬಯಲಿನಲ್ಲಿ ಇಷ್ಟು ಜನ ಹೇಗೆ ಉಳುತ್ತಾರೆ? ಅದನ್ನು ಕಣ್ಣಾರೆ ನೋಡುವ ಆಸೆ. "ಅಪ್ಪಾ, ನವೆಂಬರ್ ಥಂಡಿಯಲ್ಲಿ ಹೊಲ ನೋಡೋಕೆ ಹೋಗ್ತೀರಾ?" ಅಂದಳು ಮಗಳು. ನವೆಂಬರ್ ಕೊನೆಗೇ ಹೋಗಬೇಕಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ನಾಟಿಂಗ್‌ಹ್ಯಾಮ್‌ನಿಂದ ಉತ್ತರಕ್ಕೆ ಒಲರ್ಟನ್ ದಾಟಿ ಬಲಕ್ಕೆ ತಿರುಗಿದೆವು. ನಡುವೆ ವೆಲ್ಲೋ ಎಂಬ ಊರು ಬಂತು. ಅದರ ಹಸಿರು ಅಂಗಳದಲ್ಲಿ ಮೇ ತಿಂಗಳ ಹಬ್ಬದಲ್ಲಿ ಸುತ್ತ ಕುಣಿಯುವ ಎತ್ತರದ ಕಂಬವಿದೆ. ಅಲ್ಲಿಂದ ಮುಂದೆ ಸಣ್ಣ ರಸ್ತೆ, ಎರಡೂ ಕಡೆ ಹಾಥಾರ್ನ್ ಮುಳ್ಳಿನ ಬೇಲಿ. ಲ್ಯಾಕ್ಸ್ಟನ್ ದಾಟಿ ಬಯಲಿನ ಕಡೆ ಹೋದದ್ದೇ ತಡ, ಬೇಲಿ ಮುಗಿದೇ ಹೋಯಿತು. ದಿಗಂತದವರೆಗೆ ತೆರೆದ ನೆಲ. ನಮ್ಮ ನರಗುಂದ, ನವಲಗುಂದದ ಬಯಲು ಕಂಡ ಕಣ್ಣಿಗೆ ಅದು ದೊಡ್ಡದೇನಲ್ಲ. ಆದರೂ ಇಡೀ ದೇಶ ಬೇಲಿ ಹಾಕಿಕೊಂಡು ಕೂತಿರುವಾಗ ಇದೊಂದು ಜಾಗ ಹೀಗೆ ಉಳಿದಿದೆಯಲ್ಲ ಎಂದು ಮನಸ್ಸು ತುಂಬಿ ಬಂತು.

ಊರಿನ ಬೀದಿಯೇ ಅರ್ಧ ಕಥೆ ಹೇಳುತ್ತದೆ. ಇಂಗ್ಲೆಂಡಿನ ಬೇರೆ ಕಡೆ ರೈತನ ಮನೆ ಸಾಮಾನ್ಯವಾಗಿ ಅವನ ಜಮೀನಿನ ನಡುವೆ ಒಂಟಿಯಾಗಿ ಇರುತ್ತದೆ. ಇಲ್ಲಿ ಹಾಗಲ್ಲ. ಜಮೀನು ಊರ ಸುತ್ತ ಚೂರು ಚೂರಾಗಿ ಹರಡಿರುವಾಗ ಹೊಲದ ನಡುವೆ ಮನೆ ಕಟ್ಟುವುದಾದರೂ ಎಲ್ಲಿ? ಹಾಗಾಗಿ ರೈತರೆಲ್ಲ ಒಂದೇ ಬೀದಿಯಲ್ಲಿ, ನಮ್ಮ ಊರುಗಳಂತೆ. ಕೆಂಪು ಇಟ್ಟಿಗೆಯ ಮನೆ, ಹೆಂಚಿನ ಮಾಡು, ಪಕ್ಕದ ಗೋಡೆ ರಸ್ತೆಗೆ, ಹಿಂದೆ ಅಂಗಳ, ಕಣಜ, ದನದ ಕೊಟ್ಟಿಗೆ. ಬೀದಿಯಲ್ಲೇ ಕೊಂಡವಾಡವೂ ಇದೆ. ಬೇರೆಯವರ ಬೆಳೆಗೆ ಬಾಯಿ ಹಾಕಿದ ದನವನ್ನು ಕೂಡಿ ಹಾಕಿ ದಂಡ ಕಟ್ಟಿಸಿಕೊಂಡು ಬಿಡುವ ಜಾಗ. ಅದನ್ನು ನೋಡಿಕೊಳ್ಳಲು ಊರ ಕೋರ್ಟೇ ಒಬ್ಬನನ್ನು ನೇಮಿಸುತ್ತಿತ್ತು.

ಬಯಲು ಮೂರು: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಎಲ್ಲ ಸೇರಿ ಐನೂರು ಎಕರೆಯ ಒಳಗೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಈಗ ಬೀಳು ಬಿಡುವ ಬದಲು ಮೇವಿನ ಹುಲ್ಲು ಬೆಳೆಯುತ್ತಾರೆ. ಯಾರಿಗೆ ಏನು ಬೇಕೋ ಅದು ಬೆಳೆಯುವ ಹಾಗಿಲ್ಲ. ಬಯಲಿಗೆ ಒಂದೇ ಲೆಕ್ಕ. ಪ್ರತಿ ರೈತನಿಗೂ ಮೂರೂ ಬಯಲಿನಲ್ಲಿ ಪಟ್ಟಿಗಳಿರುವುದು ಇದಕ್ಕೇ. ಯಾವ ವರ್ಷವೂ ಯಾರ ಮನೆಯಲ್ಲೂ ಕಾಳಿಗೆ ಕೊರತೆಯಾಗಬಾರದು, ಒಳ್ಳೆ ಮಣ್ಣು ಒಬ್ಬನದೇ ಪಾಲಾಗಬಾರದು.

ಇಲ್ಲೊಂದು ವಿಷಯ ಹೇಳಲೇಬೇಕು. ನಾವು ದಿನಾ ಬಾಯಲ್ಲಿ ಆಡುವ ಎಕರೆ ಇಂಥ ಪಟ್ಟಿಗಳ ಲೋಕದಿಂದಲೇ ಬಂದ ಅಳತೆ. ಉದ್ದ 220 ಗಜ, ಅಗಲ 22 ಗಜ. ಎತ್ತು ಕಟ್ಟಿ ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ ಎಂಬುದು ಅದರ ಹಳೆಯ ಲೆಕ್ಕ. ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ 22 ಗಜ ನೋಡಿ.

ಇನ್ನು ನವೆಂಬರ್ ಕೊನೆಗೇ ಹೋದ ಕಾರಣ. ಆ ವಾರ ಇಲ್ಲಿ ಜ್ಯೂರಿ ದಿನ. ಹನ್ನೆರಡು ಜನರ ಜ್ಯೂರಿ, ಅವರಿಗೊಬ್ಬ ಮುಂದಾಳು. ಹೊಸದಾಗಿ ಗೋಧಿ ಬಿತ್ತಿದ ಬಯಲಿಗೆ ಎಲ್ಲರೂ ಕೂಡಿ ಹೋಗಿ ಪಟ್ಟಿಗಳ ಗಡಿ ನೋಡುತ್ತಾರೆ. ಟ್ರ್ಯಾಕ್ಟರಿನ ಟ್ರೇಲರ್ ಏರಿ ಹೊರಟರು. ಸಲಿಕೆ, ಸುತ್ತಿಗೆ, ಒಂದು ರಾಶಿ ಮರದ ಗೂಟ ಜೊತೆಗೆ. ನಾವು ದೂರದಿಂದ ಹಿಂಬಾಲಿಸಿದೆವು.

ಒಂದು ಕಡೆ ಟ್ರೇಲರ್ ನಿಂತಿತು. ಉಳುವ ನೆಲ ಮುಗಿದು ಹುಲ್ಲು ಶುರುವಾಗುವ ಜಾಗ. ಇಂಥ ಹುಲ್ಲಿನ ತಗ್ಗಿಗೆ ಇಲ್ಲಿ ಸೈಕ್ ಅನ್ನುತ್ತಾರೆ. ನೀರು ಹರಿಯುವ, ನೇಗಿಲು ಹೋಗದ ಜಾಗ. ಅದು ಯಾರೊಬ್ಬರದೂ ಅಲ್ಲ, ಊರಿನದು. ಹಳೆಯ ಗೂಟ ಎಲ್ಲಿತ್ತೆಂದು ಒಬ್ಬರು ಬೂಟಿನ ತುದಿಯಲ್ಲಿ ಕೆದಕಿದರು. ಮತ್ತೊಬ್ಬರು ಆ ತುದಿಯ ಗೂಟದ ನೇರಕ್ಕೆ ಒಂದು ಕಣ್ಣು ಮುಚ್ಚಿ ನೋಡಿದರು. ನೇಗಿಲು ಹುಲ್ಲಿನೊಳಗೆ ಒಂದಡಿಯಷ್ಟು ನುಗ್ಗಿತ್ತು. ಯಾರೂ ದನಿ ಏರಿಸಲಿಲ್ಲ. ಎರಡು ಮೂರು ಜನ ಹೆಜ್ಜೆ ಹಾಕಿ ಅಳೆದರು, ಸ್ವಲ್ಪ ಹೊತ್ತು ಮಾತಾಡಿದರು, ಮುಂದಾಳು ಪುಸ್ತಕದಲ್ಲಿ ಬರೆದುಕೊಂಡರು. ಸಲಿಕೆಯಿಂದ ಒಂದು ಹೆಂಟೆ ಎತ್ತಿ ಅಲ್ಲೇ ಹೊಸ ಗೂಟ ಬಡಿದರು. ಆ ಮಣ್ಣು ನಮ್ಮ ಎರೆಯಂತೆ ಕಪ್ಪಲ್ಲ, ಕೆಂಪು ಛಾಯೆಯ ಜೇಡಿ. ಬೂಟಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ.

ಬರೆದುಕೊಂಡದ್ದು ಮರುವಾರ ಕೋರ್ಟಿಗೆ ಬರುತ್ತದೆ. ಕೋರ್ಟ್ ಲೀಟ್ ಎಂದು ಅದರ ಹೆಸರು, ನಡೆಯುವುದು ಊರಿನ ಪಬ್ಬು ಡವ್‌ಕೋಟ್ ಇನ್‌ನಲ್ಲಿ. ಒತ್ತುವರಿ ಮಾಡಿದವನಿಗೆ ದಂಡ ಹಾಕುತ್ತಾರೆ, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣ ಬೋಧಿಸುತ್ತಾರೆ. ದಂಡದ ಮೊತ್ತ ಜಾಸ್ತಿ ಏನಿಲ್ಲ. ಆದರೆ ನೆರೆಹೊರೆಯವರೆಲ್ಲ ಕೂತಿರುವಾಗ ಹೆಸರು ಕೂಗಿಸಿಕೊಳ್ಳುವುದು ಯಾರಿಗೆ ಬೇಕು? ಇವತ್ತು ಗೂಟ ಬಡಿದವನ ಹೊಲಕ್ಕೆ ನಾಳೆ ಇನ್ನೊಬ್ಬರು ಬಂದು ಬಡಿಯುತ್ತಾರೆ. ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಬದು ಇಲ್ಲ ಅನ್ನುವುದು ಸುಳ್ಳು. ವರ್ಷಕ್ಕೊಮ್ಮೆ ಊರವರೇ ಕಾಲಲ್ಲಿ ನಡೆದು ಬದು ಹಾಕುತ್ತಾರೆ.

ಮಧ್ಯಾಹ್ನ ಪಬ್ಬಿನ ಹೊರಗೆ ಎಪ್ಪತ್ತು ದಾಟಿದ ರೈತರೊಬ್ಬರು ಮಾತಿಗೆ ಸಿಕ್ಕರು. ಮಗಳು ನನ್ನನ್ನು ತೋರಿಸಿ "ನಮ್ಮಪ್ಪನೂ ರೈತರೇ" ಅಂದಿದ್ದೇ ತಡ, ಅವರು ಕುರ್ಚಿ ಎಳೆದು ಕೂರಿಸಿದರು. ಅವರು ಹುಡುಗರಾಗಿದ್ದಾಗ ಈ ಬೀದಿಯಲ್ಲಿ ಮನೆ ಮನೆಯಲ್ಲೂ ಹಸು ಇದ್ದವಂತೆ. ಬೆಳಿಗ್ಗೆ ಹಾಲು ಕರೆದು ದೊಡ್ಡ ಕ್ಯಾನಿಗೆ ಸುರಿದು ಗೇಟಿನ ಪಕ್ಕದ ಕಟ್ಟೆ ಮೇಲೆ ಇಡುವುದು, ಲಾರಿ ಬಂದು ಒಯ್ಯುವುದು. ಹಸುಗಳು ಮೇಯಲು ಹೊರಟರೆ ಬೀದಿಯಲ್ಲಿ ಕಾರಿಗೆ ದಾರಿಯಿಲ್ಲ. ಕುದುರೆ ಕಟ್ಟಿ ಉಳುವ ಕೊನೆಯ ಕಾಲವನ್ನು ಅವರಪ್ಪ ನೋಡಿದ್ದರು. ಆ ಕುದುರೆಗಳಿಗೆ ಪಟ್ಟಿಯ ತುದಿ ಬಂದರೆ ಯಾರೂ ಹೇಳದೆ ತಿರುಗುವುದು ಗೊತ್ತಿತ್ತಂತೆ. ಆಮೇಲೆ ಟ್ರ್ಯಾಕ್ಟರ್ ಬಂತು, ಯಂತ್ರ ದೊಡ್ಡದಾಯಿತು, ಹಾಲಿನ ವ್ಯಾಪಾರ ಒಬ್ಬೊಬ್ಬರದೇ ನಿಂತಿತು. "ನಿಮ್ಮಲ್ಲಿ ಮಕ್ಕಳು ಹೊಲಕ್ಕೆ ಬರುತ್ತಾರಾ?" ಎಂದು ಕೇಳಿದರು. ಅದನ್ನೇ ನಾನು ಅವರಿಗೆ ಕೇಳಬೇಕೆಂದಿದ್ದೆ.

ಪಬ್ಬಿನ ಹಿಂದೆಯೇ ಒಂದು ಸಣ್ಣ ಪ್ರದರ್ಶನ ಕೊಠಡಿ. ಅಲ್ಲಿ ನೋಡಬೇಕಾದ್ದು 1635ರ ನಕ್ಷೆಯ ಪ್ರತಿ. ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದದ್ದು. ಮೂಲ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟಿಯೂ ಇದೆ, ಯಾರದೆಂಬ ಲೆಕ್ಕ ಜೊತೆಯ ಪುಸ್ತಕದಲ್ಲಿದೆ. ನಡುನಡುವೆ ಉಳುವವರು, ಕೊಯ್ಯುವವರು, ಬೇಟೆಗೆ ಹೊರಟವರ ಸಣ್ಣ ಚಿತ್ರಗಳು.

ಈ ನಕ್ಷೆ ಬರೆಸಿದವನು ಆಗ ಊರಿನ ಒಡೆಯನಾಗಿದ್ದ ಲಂಡನ್ ವ್ಯಾಪಾರಿ ಸರ್ ವಿಲಿಯಂ ಕೋರ್ಟನ್. ಆ ಹೆಸರು ಓದಿ ನಾನು ಅಲ್ಲೇ ನಿಂತುಬಿಟ್ಟೆ. ಅದೇ 1635ರ ಡಿಸೆಂಬರ್‌ನಲ್ಲಿ ರಾಜ ಒಂದನೇ ಚಾರ್ಲ್ಸ್, ಈಸ್ಟ್ ಇಂಡಿಯಾ ಕಂಪನಿಗೆ ಎದುರಾಗಿ, ಕೋರ್ಟನ್‌ನ ಕೂಟಕ್ಕೆ ಭಾರತದ ವ್ಯಾಪಾರದ ಪರವಾನಗಿ ಕೊಟ್ಟ. ಮರುವರ್ಷ ಜಾನ್ ವೆಡೆಲ್‌ನ ಹಡಗುಗಳು ಹೊರಟವು. ಅದೇ ವರ್ಷ ಕೋರ್ಟನ್ ತೀರಿಕೊಂಡ, ವ್ಯವಹಾರ ಮಗನ ಕೈಗೆ ಬಂತು. ಹಡಗುಗಳು ಬಂದು ಸೇರಿದ್ದು ನಮ್ಮ ಭಟ್ಕಳಕ್ಕೆ. ಆಗ ಅದು ಕೆಳದಿ ವೀರಭದ್ರ ನಾಯಕನ ಕಾಲ. ಆ ಹಡಗುಗಳಲ್ಲಿ ಬಂದ ಪೀಟರ್ ಮಂಡಿ ಎಂಬ ಪ್ರವಾಸಿ ಘಟ್ಟ ಹತ್ತಿ ಇಕ್ಕೇರಿಯನ್ನೂ ನೋಡಿ ಬರೆದಿಟ್ಟ. 1638ರಲ್ಲಿ ಸೋಂದೆ ಸೀಮೆಯ ಕಾಳುಮೆಣಸಿನ ಆಸೆಗೆ ಇದೇ ಕೋರ್ಟನ್ ಕೂಟ ಕಾರವಾರದಲ್ಲಿ ಕೋಠಿ ತೆರೆಯಿತು. ಮುಂದೆ ಅದೇ ಬಂದರಿಗೆ ಘಟ್ಟದ ಮೇಲಿನ ನಮ್ಮ ಹುಬ್ಬಳ್ಳಿ ಕಡೆಯ ನೇಕಾರರ ಬಟ್ಟೆ ಇಳಿಯತೊಡಗಿತು. ಈ ಹಳ್ಳಿಯ ಹೊಲ ಅಳೆಸಿದ ಮನೆಯ ಹಣವೇ ನಮ್ಮ ಕರಾವಳಿಗೆ ಬಂದಿತ್ತು ಎಂದು ತಿಳಿದಾಗ ಮಗಳೂ ನಾನೂ ನಕ್ಷೆಯ ಮುಂದೆ ಬಹಳ ಹೊತ್ತು ನಿಂತೆವು.

ಬೇರೆ ಊರುಗಳ ಬಯಲು ಎಲ್ಲಿ ಹೋಯಿತು? ಬೇಲಿ ನುಂಗಿತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗ. ಇಳುವರಿ ಹೆಚ್ಚಿತು ಎನ್ನುತ್ತಾರೆ, ಇರಬಹುದು. ಆದರೆ ಗೋಮಾಳದಲ್ಲಿ ಒಂದು ಹಸು, ನಾಲ್ಕು ಬಾತುಕೋಳಿ ಮೇಯಿಸಿ ಬದುಕುತ್ತಿದ್ದ ಬಡವನಿಗೆ ಕೂಲಿ ಬಿಟ್ಟು ಗತಿ ಇರಲಿಲ್ಲ. ಆ ಲೆಕ್ಕ ಯಾವ ಇಳುವರಿಯಲ್ಲೂ ತೀರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲ್ಯಾಕ್ಸ್ಟನ್ ಉಳಿದದ್ದು ಯಾರೋ ಪುಣ್ಯಾತ್ಮ ಉಳಿಸಿದ ಎಂದಲ್ಲ. ಊರಿನಲ್ಲಿ ಇಬ್ಬರು ದೊಡ್ಡ ಜಮೀನ್ದಾರರಿದ್ದರು, ಅವರಿಗೆ ಹೊಂದಾಣಿಕೆ ಆಗಲಿಲ್ಲ. ಆಗುವ ಹೊತ್ತಿಗೆ ಬೇಸಾಯದ ಬೆಲೆ ಬಿದ್ದು ಬೇಲಿಗೆ ದುಡ್ಡು ಹಾಕುವವರಿರಲಿಲ್ಲ. ಬೇಕೆಂದೇ ಉಳಿಸಿದ್ದು ಆಮೇಲೆ. 1952ರಲ್ಲಿ ಆ ಎರಡು ಜಮೀನ್ದಾರ ಮನೆತನಗಳಲ್ಲಿ ಒಂದರ ಅರ್ಲ್ ಮ್ಯಾನ್ವರ್ಸ್ ಜಮೀನನ್ನು ಕೃಷಿ ಇಲಾಖೆಗೆ ಮಾರಿದ. 1981ರಲ್ಲಿ ಅದು ರಾಜಸತ್ತೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು. 2020ರಲ್ಲಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟ್ ಅದನ್ನು ಮತ್ತೆ ಕೊಂಡುಕೊಂಡಿತು. ಗೇಣಿ ರೈತರು ಅವರೇ, ಕೋರ್ಟೂ ಅದೇ.

ಹೊತ್ತಿದ್ದರೆ ಸೇಂಟ್ ಮೈಕೆಲ್ ಚರ್ಚು ನೋಡಿ. ಒಳಗೆ ಮರದಲ್ಲಿ ಕೆತ್ತಿದ ಮಧ್ಯಯುಗದ ಹೆಂಗಸಿನ ಪ್ರತಿಮೆ ಇದೆ. ಅಲ್ಲಿಂದ ಉತ್ತರಕ್ಕೆ ನಡೆದರೆ ನಾರ್ಮನ್ನರ ಕೋಟೆಯ ದಿಬ್ಬ. ಕೋಟೆ ಇಲ್ಲ, ಮಣ್ಣು ಮಾತ್ರ ಉಳಿದಿದೆ. ಬೇಸಿಗೆಯಲ್ಲಿ ಹೋದರೆ ಸೈಕ್‌ಗಳ ಹುಲ್ಲಿನಲ್ಲಿ ಕಾಡುಹೂ ಅರಳಿರುತ್ತವೆ. ಆ ಹುಲ್ಲನ್ನು ಊರವರೇ ಹರಾಜು ಹಾಕಿ, ಬಂದ ದುಡ್ಡನ್ನು ಹಕ್ಕುದಾರರು ಹಂಚಿಕೊಳ್ಳುತ್ತಾರೆ. ಕಾರಿಲ್ಲದೆ ತಲುಪುವುದು ಕಷ್ಟ. ನವೆಂಬರ್‌ನಲ್ಲಾದರೆ ರಬ್ಬರ್ ಬೂಟು ಇರಲಿ. ಬಯಲಿನಲ್ಲಿ ಹುಲ್ಲಿನ ದಾರಿಯಲ್ಲೇ ನಡೆಯಿರಿ, ಗೋಧಿ ಆಗಷ್ಟೇ ಮೊಳೆತಿರುತ್ತದೆ.