ದಾದಾನ ಉಸಿರು, ನಮ್ಮ ಓಣಿಯ ಮಸೀದಿ

ರಾಯಚೂರಿಗೆ ಬಂದ ನೆಂಟರಿಗೆ ನಾವು ಏಕ್ ಮಿನಾರ್ ಮಸೀದಿ ತೋರಿಸುತ್ತೇವೆ. ತೋರಿಸುವಂಥದ್ದೇ ಬಿಡಿ. 1513ರಲ್ಲಿ, ಬಹಮನಿ ಮಹಮೂದ್ ಷಾನ ಕಾಲದಲ್ಲಿ, ಮಲಿಕ್ ಅಂಬರ್ ಕಟ್ಟಿಸಿದ್ದು. (ಅಹ್ಮದ್‌ನಗರದ ಮಲಿಕ್ ಅಂಬರ್ ಬೇರೆ, ಅವನಿನ್ನೂ ಹುಟ್ಟಿರಲಿಲ್ಲ.) ಸುಮಾರು 65 ಅಡಿ ಎತ್ತರದ ಒಂದೇ ಮಿನಾರು. ಅದು ಎದ್ದ ಏಳು ವರ್ಷಕ್ಕೆ, 1520ರಲ್ಲಿ, ಕೃಷ್ಣದೇವರಾಯ ಆದಿಲ್‌ಶಾಹಿಗಳಿಂದ ಕೋಟೆ ಗೆದ್ದ. ಮುಂದೆ ನಿಜಾಮರು ಬಂದರು, ಹೋದರು. ಮಿನಾರು ಇದೆ.

ನನ್ನ ದಾದಾಗೆ, ಅಂದರೆ ಅಜ್ಜನಿಗೆ, ಮಾತ್ರ ಮಸೀದಿ ಅಂದರೆ ನಮ್ಮ ಓಣಿಯದು. ಕಲ್ಲುಹಾಸು, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜು ಮಾಡೋ ಹೌಜು (ನೀರಿನ ತೊಟ್ಟಿ), ಹೊರಗೊಂದು ಬೇವಿನ ಮರ. ಅಷ್ಟೇ.

ಸಂಜೆಯ ಮಗ್ರಿಬ್ ನಮಾಜು ಮುಗಿಯುವ ಹೊತ್ತಿಗೆ ಬಾಗಿಲ ಹೊರಗೆ ತಾಯಂದಿರ ಸಾಲು. ಕಂಕುಳಲ್ಲಿ ಕೂಸು, ಕೈಯಲ್ಲಿ ನೀರಿನ ಚೊಂಬು. ಕುಂಕುಮ ಇಟ್ಟವರೇ ಜಾಸ್ತಿ. ನಮಾಜಿಗಳು ಒಬ್ಬೊಬ್ಬರೇ ದುವಾ ಓದಿ ಕೂಸುಗಳ ಮೇಲೆ ಊದುತ್ತಾ ಹೋಗುತ್ತಿದ್ದರು. ದಾದಾಗೆ ಅವಸರವೇ ಇಲ್ಲ. ಚಪ್ಪಲಿ ಹಾಕದೆ ನಿಂತು, ತುಟಿಯೊಳಗೇ ಅಲ್‌ಹಮ್ದು, ಕುರಾನಿನ ಮೊದಲ ಅಧ್ಯಾಯ, ಓದಿ, ಕೂಸಿನ ನೆತ್ತಿಯಿಂದ ಗದ್ದದವರೆಗೆ ನಿಧಾನಕ್ಕೆ ಊದುತ್ತಿದ್ದರು. "ಡಾಕ್ಟರ್ ಕೊಟ್ಟ ಔಷಧಿನೂ ಕುಡಿಸವ್ವಾ" ಅಂತ ಹೇಳಿಯೇ ಕಳಿಸುತ್ತಿದ್ದರು. ಅವರ ಉಸಿರಿಗೆ ಲವಂಗದ ವಾಸನೆ. ಜ್ವರ ಬಂದಾಗ ನನಗೂ ಊದಿದ್ದಾರೆ. ಸುಡುವ ಹಣೆಯ ಮೇಲೆ ಅದು ತಣ್ಣಗೆ ಇಳಿಯುತ್ತಿದ್ದರೆ ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ಈಗಲೂ ಅಡುಗೆಮನೆಯಲ್ಲಿ ಯಾರಾದರೂ ಲವಂಗ ಜಜ್ಜಿದರೆ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ.

ಈ ರಂಜಾನ್‌ನಲ್ಲಿ ಒಬ್ಬ ಹೆಣ್ಣುಮಗಳು ಕೂಸನ್ನು ನನ್ನ ಮುಂದೆ ಹಿಡಿದಳು. "ದಿಷ್ಟಿ ಆಗ್ಯಾದ್ರಿ ಅಣ್ಣಾ, ಸ್ವಲ್ಪ ಊದ್ರಿ."

"ಇಮಾಮ್ ಸಾಬ್ ಒಳಗಿದ್ದಾರಮ್ಮ" ಅಂದೆ.

"ಯಾರಾದರೇನ್ರಿ, ನೀವೂ ನಮಾಜ್ ಮಾಡೇ ಬಂದೀರಲ್ಲ."

ಎದೆ ಝಲ್ ಅಂತು. ಈ ಬಾಯಿ ಅದಕ್ಕೆ ತಕ್ಕದ್ದಾ? ಅಲ್‌ಹಮ್ದು ಓದಿ ಊದಿದೆ. ಕೂಸು ಸೀನಿತು. ತಾಯಿ ನಕ್ಕಳು.

ಈಗ ಆ ಸಾಲು ಸಣ್ಣದಾಗಿದೆ. ಆದರೂ ಅಲ್ಲಾಹನ ಕೃಪೆ, ಮಸೀದಿಯ ಕೆಲಸ ನಿಂತಿಲ್ಲ. ಮಕ್ಕಳು ಅಲಿಫ್ ಬೇ ಅಂತ ಅಕ್ಷರ ಕಲಿಯುತ್ತಾರೆ. ಇಫ್ತಾರ್‌ಗೆ ದಾರಿಹೋಕರು ಬಂದು ಕೂತರೂ ಖರ್ಜೂರ, ಒಂದು ಬಟ್ಟಲು ಗಂಜಿ ಸಿಗುತ್ತದೆ. ಇಲ್ಲದವರ ಮನೆಯಲ್ಲಿ ಮಯ್ಯತ್, ಅಂದರೆ ಸಾವು, ಆದರೆ ಹೆಣಕ್ಕೆ ಹೊದಿಸುವ ಕಫನ್ ಇಲ್ಲಿಂದಲೇ ಹೋಗುತ್ತದೆ, ಯಾರಿಗೂ ಗೊತ್ತಾಗದ ಹಾಗೆ.

ನನಗೆ ಬೇಜಾರಾಗೋದು ಚಂದಾ ಎತ್ತುವಾಗ. ಗ್ರಾನೈಟ್ ಹಾಕಿಸೋಣ ಅಂದರೆ ಎಲ್ಲರ ಕೈ ಬಿಚ್ಚುತ್ತದೆ. ಬಡವರಿಗೆ ನೆರವಾಗುವ ಬೈತುಲ್‌ಮಾಲ್ ನಿಧಿಗೆ ಅಂದರೆ "ಆಮೇಲೆ ನೋಡೋಣ." ಉಳ್ಳವರು ಕೊಡಬೇಕಾದ ಜಕಾತ್ ಉಳಿಸಿದ್ದರ 40ರಲ್ಲಿ ಒಂದು ಪಾಲು, ದೊಡ್ಡ ಲೆಕ್ಕವೇನಲ್ಲ, ಅಲ್ವಾ? ಮನೆಯ ತಲೆಗಿಷ್ಟು ಅಂತ ಕೊಡುವ ಹಬ್ಬದ ದಾನ ಫಿತ್ರಾ ಅಂತೂ ಈದ್ ನಮಾಜಿಗೆ ಮುಂಚೆಯೇ ಬಡವರ ಕೈ ಸೇರಬೇಕು. ನಾವು ಹಬ್ಬದ ಬೆಳಿಗ್ಗೆ, ಅತ್ತರು ಹಚ್ಚಿಕೊಂಡು, ಈದ್ಗಾ ಬಾಗಿಲಲ್ಲಿ ಚಿಲ್ಲರೆ ಹುಡುಕುತ್ತಾ ನಿಂತರೆ ಅವರು ಶೀರ್ ಖುರ್ಮಾಕ್ಕೆ ಶಾವಿಗೆ ತರೋದು ಯಾವಾಗ? ದಾದಾ ರಂಜಾನಿನ 27ನೇ ರಾತ್ರಿಗೆ ಮೊದಲೇ ಮನೆಯವರ ತಲೆ ಎಣಿಸಿ, ತೊಟ್ಟಿಲ ಕೂಸಿನ ಪಾಲೂ ಸೇರಿಸಿ, ಗೋಧಿ ಅಳೆದು ಕಳಿಸಿಬಿಡುತ್ತಿದ್ದರು.