ಮಗಳಿಗೆ ಇವತ್ತು ದಡಾರದ ಚುಚ್ಚುಮದ್ದು

ಒಂಬತ್ತು ತಿಂಗಳು ತುಂಬಿತು, ಇವತ್ತು ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡು ಬಂದೆವು. ಅತ್ತು ಅತ್ತು ಈಗ ನನ್ನ ಮಡಿಲಲ್ಲೇ ನಿದ್ದೆ ಹೋಗಿದ್ದಾಳೆ.

ಇಷ್ಟು ಪುಟ್ಟ ಮೈಯೊಳಗೆ ಎಷ್ಟು ಕೆಲಸ ಶುರುವಾಗಿದೆ ಅಂತ ಯೋಚಿಸುತ್ತಾ ಕೂತಿದ್ದೇನೆ. ರೋಗಾಣುಗಳ ಜೊತೆ ಹೋರಾಡುವ ಅವಳ ಬಿ ಕೋಶ, ಟಿ ಕೋಶಗಳು ಕೋಟಿಗಟ್ಟಲೆ ಇವೆ, ಒಂದೊಂದರ ಮೈಮೇಲೂ ಬೇರೆ ಬೇರೆ ಆಕಾರದ ಕೊಂಡಿ, ಅದೂ ಯಾವ ವೈರಸ್ಸನ್ನೂ ನೋಡುವ ಮೊದಲೇ ಜೀನ್ ತುಣುಕುಗಳನ್ನು ಸುಮ್ನೆ ಕಲಸಿ ಜೋಡಿಸಿ ಮಾಡಿಟ್ಟದ್ದು. ದಡಾರದ ವೈರಸ್ಸಿಗೆ ಸರಿಯಾಗಿ ಕೂರುವ ಕೊಂಡಿ ಇರುವುದು ಕೆಲವೇ ಕೋಶಗಳಿಗೆ. ಲಸಿಕೆಯಲ್ಲಿರುವ ದುರ್ಬಲ ವೈರಸ್ಸು ಆ ಕೋಶಗಳಿಗೆ ಸಿಕ್ಕಿದ ಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಮೊದಲ ಸಲ ಇದಕ್ಕೆ ಒಂದೆರಡು ವಾರ ಬೇಕು. ಕೆಲಸ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ಮಾತ್ರ ನೆನಪಿಟ್ಟುಕೊಂಡು ಉಳಿಯುತ್ತವೆ.

ಆ ನೆನಪು ಎಷ್ಟು ಗಟ್ಟಿ ಗೊತ್ತಾ? 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಿಗೆ ದಡಾರ ಬಂತು. ಸುಮಾರು 7,800 ಜನರಲ್ಲಿ 6,000ಕ್ಕೂ ಜಾಸ್ತಿ ಜನ ಮಲಗಿದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಒಂದು ವಿಷಯ ಗಮನಿಸಿದರು. 1781ರಲ್ಲಿ, ಚಿಕ್ಕವರಿದ್ದಾಗ ದಡಾರ ಆಗಿದ್ದ ಮುದುಕರಲ್ಲಿ ಒಬ್ಬರಿಗೂ ಮತ್ತೆ ಬರಲಿಲ್ಲ. ನಡುವೆ 65 ವರ್ಷ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲ! ಅಷ್ಟು ವರ್ಷ ಯಾರೂ ನೆನಪಿಸದೆ ಮೈ ನೆನಪಿಟ್ಟುಕೊಂಡಿತ್ತು. ಆದರೆ ಅವರು ಆ ನೆನಪಿಗಾಗಿ ಕಾಯಿಲೆಯನ್ನೇ ಅನುಭವಿಸಬೇಕಾಯಿತು, ನನ್ನ ಮಗಳಿಗೆ ಎರಡು ಸಲ ಸೂಜಿ ಚುಚ್ಚಿಸಿದರೆ ಸಾಕು ಅಲ್ವಾ, ಅದನ್ನು ನೆನೆದರೆ ಕಣ್ಣು ತುಂಬಿ ಬರುತ್ತದೆ.

ಎರಡನೇ ಡೋಸ್ 16 ತಿಂಗಳು ತುಂಬಿದ ಮೇಲೆ. ತಾಯಿ ಕಾರ್ಡಿನಲ್ಲಿ ಬರೆದಿಟ್ಟಿದ್ದೇನೆ.